‘ತಲೆಗೆ ಕರೆಂಟ್ ಕೊಡ್ತಾರಂತಲ್ಲ, ಮೈಗ್ರೇನ್ ವಾಸಿ ಆಗುತ್ತಾ?’

ತಲೆಯೊಳಕ್ಕಲ್ಲ ಮಾರಾಯ್ರೆ, ಕತ್ತು ತಲೆ ಸೇರುವಲ್ಲಿ. ಹಿಂದಲೆಯಲ್ಲಿ ಚರ್ಮದ ಕೆಳಗೆ ಹಾಯುವ ಆಕ್ಸಿಪಿಟಲ್ ನರಕ್ಕೆ ಸಣ್ಣ ಕರೆಂಟ್. ಮಿದುಳನ್ನು ಯಾರೂ ಮುಟ್ಟುವುದಿಲ್ಲ. ಎಷ್ಟು ಹೇಳಿದರೂ, ಇದರ ಟ್ರಯಲ್‌ಗೆ (ಪ್ರಯೋಗಕ್ಕೆ) ಸೇರಬೇಕೆಂದು ಬರುವ ಮುಂದಿನ ಫೋನು ‘ಆ ಶಾಕ್ ಟ್ರೀಟ್‌ಮೆಂಟು’ ಅಂತಲೇ ಶುರುವಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ತಿಂಗಳಿಗೆರಡು ಸಲ ತಲೆ ಸಿಡಿಯುವವರು ಇಲ್ಲೇ ಓದು ನಿಲ್ಲಿಸಬಹುದು. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನವಾದರೂ ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಇದ್ದು, ಮಾತ್ರೆಗಳೆಲ್ಲ ಕೈಕೊಟ್ಟವರಿಗೆ ಈ ಪ್ರಯೋಗ.

ಎಲೆಕ್ಟ್ರೋಡ್ ಇರುವ ತಂತಿಯ ತುದಿ ಚರ್ಮದಡಿಯ ಕೊಬ್ಬಿನ ಪದರದಲ್ಲೇ ಕೂರಬೇಕು. ಆಳಕ್ಕಿಳಿದರೆ ಕತ್ತಿನ ಸ್ನಾಯು ಹಿಡಿದುಕೊಳ್ಳುತ್ತದೆ. ಮೇಲೆ ಬಂದರೆ ಉರಿ. ಕೆಲವರಲ್ಲಿ ತಂತಿ ಚರ್ಮ ಸವೆಸಿಕೊಂಡು ಹೊರಗೇ ಬರುತ್ತದೆ. ಇನ್ನೊಂದು ತುದಿ ಚರ್ಮದೊಳಗೇ ಹಾದು ಎದೆಯ ಮೇಲ್ಭಾಗದಲ್ಲೋ ಸೊಂಟದ ಹತ್ತಿರವೋ ಹುದುಗಿಸಿದ ಬ್ಯಾಟರಿಗೆ ಸೇರುತ್ತದೆ. ಕತ್ತು ಸುಮ್ಮನಿರುವ ಜಾಗವಲ್ಲ, ತಂತಿ ಜಾರುತ್ತದೆ. ಜಾರದಿರಲಿ ಅಂತ ಸರ್ಜನ್ ಒಂದು ಸುತ್ತು ಸಡಿಲ ಬಿಟ್ಟು ಹೊಲಿಯುತ್ತಾರೆ. ಆದರೂ ಜಾರುತ್ತದೆ. ಆಗ ಮತ್ತೆ ಆಪರೇಷನ್.

‘ಅದೆಲ್ಲ ಇರಲಿ, ವಾಸಿ ಆಗುತ್ತಾ?’

ಇದರ ಬದಲು ‘ಕರೆಂಟ್ ಕೊಡದವರಿಗೆ ಏನಾಯ್ತು?’ ಅಂತ ಒಬ್ಬರಾದರೂ ಕೇಳಬಾರದೇ? 2012ರಲ್ಲಿ ವರದಿಯಾದ ಅಮೆರಿಕದ ಪ್ರಯೋಗದಲ್ಲಿ 157 ಜನರಿಗೂ ಯಂತ್ರ ಅಳವಡಿಸಿದರು. ಮೊದಲ 12 ವಾರ, ಮೂರರಲ್ಲಿ ಒಂದು ಪಾಲು ಜನರಿಗೆ ಕರೆಂಟ್ ಇಲ್ಲ. ನೋವಿನ ತೀವ್ರತೆ ಅರ್ಧಕ್ಕಿಳಿಯಬೇಕು ಅನ್ನುವುದು ಮೊದಲೇ ಹಾಕಿಕೊಂಡ ಮುಖ್ಯ ಗುರಿ. ಕರೆಂಟ್ ಇದ್ದವರಲ್ಲಿ ಅದನ್ನು ಮುಟ್ಟಿದವರು ಶೇ. 17.1, ಇಲ್ಲದವರಲ್ಲಿ ಶೇ. 13.5. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಅಂದರೆ ಪ್ರಯೋಗ ಸೋತಿತು. ತಲೆನೋವಿನ ದಿನಗಳೇನೋ ಇಳಿದವು: ಕರೆಂಟ್ ಇದ್ದವರಲ್ಲಿ ತಿಂಗಳಿಗೆ 6.1 ದಿನ ಕಡಿಮೆ, ಇಲ್ಲದವರಲ್ಲಿ 3 ದಿನ ಕಡಿಮೆ. ಆದರೆ ಶುರುವಿನಲ್ಲಿ ಕರೆಂಟ್ ಗುಂಪಿನವರಿಗೆ ಇದ್ದದ್ದು 22.4 ದಿನ! ಕಳೆದು ನೋಡಿ, 16ಕ್ಕೂ ಮೇಲೇ ಉಳಿಯಿತು. ಇದನ್ನು ವಾಸಿ ಅನ್ನುತ್ತೀರಾ? ಒಂದು ವರ್ಷದೊಳಗೆ ಸುಮಾರು ಶೇ. 70 ಜನಕ್ಕೆ ಒಂದಲ್ಲ ಒಂದು ತೊಂದರೆಯೂ ಆಯಿತು.

ಆ 6.1ರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಮಾತ್ರೆಯಾದರೆ ಅಸಲಿ, ನಕಲಿ ಒಂದೇ ಥರ ಕಾಣುವಂತೆ ಮಾಡಬಹುದು. ಇಲ್ಲಿ ಕರೆಂಟ್ ಹರಿದರೆ ಹಿಂದಲೆಯಲ್ಲಿ ಜುಮುಜುಮು. ಜುಮ್ಮೆಂದವರಿಗೆ ತಾವು ಯಾವ ಗುಂಪು ಅಂತ ಯಾರೂ ಹೇಳಬೇಕಿಲ್ಲ. ಗೊತ್ತಾದ ಮೇಲೆ ಡೈರಿಯಲ್ಲಿ ನೋವಿಗೆ ಕೊಡುವ ಅಂಕವೂ ಇಳಿಯುತ್ತದೆ. ಅವರು ಸುಳ್ಳು ಬರೆಯುತ್ತಾರೆ ಅಂತಲ್ಲ, ಆಸೆಯ ಕೆಲಸ ಅದು.

ಇಷ್ಟು ಓದಿಯೂ ಮಾಡಿಸಲೇಬೇಕು ಅನ್ನುವವರು ಮೊದಲು ನುಂಗುವ ಮಾತ್ರೆ ಎಣಿಸಿ. ತಿಂಗಳಿಗೆ 10 ದಿನ ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗುವ ಮಾತ್ರೆ), ಇಲ್ಲವೇ 15 ದಿನ ಪ್ಯಾರಸಿಟಮಾಲ್, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಅದನ್ನು ಡಾಕ್ಟರ ಹತ್ತಿರ ಬಗೆಹರಿಸಿಕೊಳ್ಳಿ. ಆಮೇಲೆ ನಾಲ್ಕು ವಾರ ದಿನವೂ ಡೈರಿ ಬರೆಯಿರಿ. ‘ಅದೆಲ್ಲ ಬರೆದಿಡೋ ಅಭ್ಯಾಸ ಇಲ್ಲ’ ಅನ್ನುವವರನ್ನು ಟ್ರಯಲ್‌ಗೆ ತೆಗೆದುಕೊಳ್ಳುವುದಿಲ್ಲ, ಫೋನ್ ಮಾಡಬೇಡಿ.