ಹಳೆಯ ಸಿನಿಮಾ ಪೋಸ್ಟರಿಗೆ ಲ್ಯಾಮಿನೇಷನ್ ಮಾಡಿಸಬಹುದೇ?

ನಾನು ಹಳೆಯ ಕನ್ನಡ ಚಿತ್ರಗಳ ಪೋಸ್ಟರುಗಳನ್ನು ಸಂಗ್ರಹಿಸುತ್ತೇನೆಂದು ತಿಳಿದವರು ಮೊದಲು ಬೆಲೆ ವಿಚಾರಿಸುತ್ತಾರೆ, ಆಮೇಲೆ ತಪ್ಪದೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ‘ಇವನ್ನೆಲ್ಲ ಬೀರುವಿನಲ್ಲಿ ಮುಚ್ಚಿಡುವ ಬದಲು ಒಂದು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿಬಿಡಬಾರದೇ?’ ಅಂಕಪಟ್ಟಿಯಿಂದ ಹಿಡಿದು ಮನೆದೇವರ ಪಟದವರೆಗೆ, ಉಳಿಯಬೇಕಾದ ಕಾಗದವನ್ನೆಲ್ಲ ಪ್ಲಾಸ್ಟಿಕ್ಕಿನೊಳಗೆ ಸೇರಿಸುವುದು ನಮ್ಮಲ್ಲಿ ರೂಢಿಯಾಗಿರುವುದರಿಂದ ಈ ಪ್ರಶ್ನೆ ಸಹಜವೇ ಆಗಿದೆ. ಗೋಡೆಗೆ ಹಾಕಬಹುದು, ಲ್ಯಾಮಿನೇಷನ್ ಮಾತ್ರ ಕೂಡದು ಎಂಬುದು ನನ್ನ ಉತ್ತರ.

ಇದಕ್ಕೆ ಕಾರಣ ಪೋಸ್ಟರಿನ ಹುಟ್ಟಿನಲ್ಲೇ ಇದೆ. ಅದನ್ನು ಯಾರೂ ಉಳಿಯಲೆಂದು ಮುದ್ರಿಸಲಿಲ್ಲ. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ದಶಕಗಳಲ್ಲಿ ಪೋಸ್ಟರುಗಳೂ ಬಹುಪಾಲು ಅಲ್ಲಿಯೋ ಶಿವಕಾಶಿಯಲ್ಲಿಯೋ ಅಗ್ಗದ, ತೆಳುವಾದ ಕಾಗದದ ಮೇಲೆ ಅಚ್ಚಾಗಿ, ಮಡಿಸಿದ ಕಟ್ಟುಗಳಾಗಿ ಗಾಂಧಿನಗರದ ಹಂಚಿಕೆದಾರರ ಕಚೇರಿಗಳಿಗೆ ಬರುತ್ತಿದ್ದವು. ಅಲ್ಲಿಂದ ಊರೂರಿನ ಟಾಕೀಸುಗಳಿಗೆ ಹೋಗುತ್ತಿದ್ದವು. ಹುಳು ತಿನ್ನದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟನ್ನು ಗೋಡೆಗೆ ಬಳಿದು ಅದರ ಮೇಲೆ ಪೋಸ್ಟರನ್ನು ಹಚ್ಚುತ್ತಿದ್ದರು. ಚಿತ್ರ ಬದಲಾದಾಗ ಅದರ ಮೇಲೆಯೇ ಇನ್ನೊಂದು ಬೀಳುತ್ತಿತ್ತು. ಹಾಗಾಗಿ ಗೋಡೆ ಸೇರಿದ ಪ್ರತಿಗಳು ಹೋದವು. ಇಂದು ನಮ್ಮ ಕೈಗೆ ಸಿಗುವವು ಬಹುತೇಕ ಗೋದಾಮುಗಳಲ್ಲಿ ಹಚ್ಚದೆ ಉಳಿದ ಪ್ರತಿಗಳು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ ಚಿತ್ರದ ಸುರುಳಿಯೇ ಇಂದು ಲಭ್ಯವಿಲ್ಲ. ಅಂಥ ಚಿತ್ರಗಳ ಮಟ್ಟಿಗೆ ಪ್ರಚಾರದ ಕಾಗದಗಳು ಅಲಂಕಾರದ ಸಾಮಗ್ರಿಯಾಗಿ ಉಳಿದಿಲ್ಲ, ದಾಖಲೆಗಳೇ ಆಗಿವೆ.

ಈ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡಲಾಗುತ್ತಿತ್ತು. ಅದರೊಳಗಿನ ಲಿಗ್ನಿನ್ ಎಂಬ ಅಂಶವೂ, ಶಾಯಿ ಹರಡದಿರಲೆಂದು ಕಾಗದಕ್ಕೆ ಸೇರಿಸುತ್ತಿದ್ದ ಆಲಂ ಎಂಬ ಲವಣ ಮುಂತಾದವುಗಳೂ ಕಾಲ ಕಳೆದಂತೆ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವು ನಾರುಗಳನ್ನು ಒಳಗಿನಿಂದಲೇ ತುಂಡರಿಸುವುದರಿಂದ ಕಾಗದ ಮೊದಲು ಹಳದಿಯಾಗಿ, ಆನಂತರ ಕಂದಾಗಿ, ಕೊನೆಗೆ ಮಡಿಕೆಯ ಗೆರೆಗಳಲ್ಲಿ ಹಪ್ಪಳದಂತೆ ಮುರಿಯುತ್ತದೆ. ಲ್ಯಾಮಿನೇಷನ್ ಮಾಡುವವರು ಇಂಥ ಕಾಗದವನ್ನು ಅಂಟು ಲೇಪಿಸಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖದಲ್ಲಿ ಉರುಳೆಗಳಿಂದ ಒತ್ತುತ್ತಾರೆ. ಅಂಟು ಕರಗಿ ನಾರುಗಳ ಸಂದಿಗೆ ಇಳಿಯುತ್ತದೆ, ಆಮ್ಲ ಇದ್ದಲ್ಲೇ ಉಳಿದು ಮೊಹರಾಗುತ್ತದೆ. ಹೊರಗಿನ ನೀರು, ಧೂಳು, ಕೈಬೆವರು ತಾಗುವುದಿಲ್ಲವೆಂಬುದು ನಿಜ. ಆದರೆ ಕಾಗದವನ್ನು ಕೊಲ್ಲುತ್ತಿರುವುದು ಹೊರಗಿನದಷ್ಟೇ ಅಲ್ಲ. ಮುಂದೊಂದು ದಿನ ಆ ಆಮ್ಲವನ್ನು ತೊಳೆದು ತೆಗೆಯಬೇಕೆಂದರೆ, ಹರಿದುದನ್ನು ಜೋಡಿಸಬೇಕೆಂದರೆ, ಕಾಗದದ ಬಳಿಗೆ ಹೋಗಲು ದಾರಿಯೇ ಇರುವುದಿಲ್ಲ. ಸಂರಕ್ಷಣೆಯ ಕೆಲಸದಲ್ಲಿ ಮಾಡಿದ್ದನ್ನು ಮತ್ತೆ ಬಿಡಿಸಲು ಬರುವಂತಿರಬೇಕೆಂಬುದು ಮೊದಲ ನಿಯಮ. ಲ್ಯಾಮಿನೇಷನ್ ಆ ನಿಯಮವನ್ನೇ ಮುರಿಯುತ್ತದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ವಿಷಯ ಮತ್ತೊಂದಿದೆ. ಐವತ್ತು, ಅರವತ್ತರ ದಶಕದ ಅನೇಕ ಪೋಸ್ಟರುಗಳು ಕಲ್ಲಚ್ಚಿನ ವಿಧಾನದಲ್ಲಿ ಮುದ್ರಣವಾದವು. ಕಲಾವಿದರು ಕಲ್ಲಿನ ಅಥವಾ ಸತುವಿನ ಫಲಕದ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಕೈಯಿಂದಲೇ ಚಿತ್ರ ಬಿಡಿಸುತ್ತಿದ್ದುದರಿಂದ, ಭೂತಗನ್ನಡಿಯಲ್ಲಿ ನೋಡಿದರೆ ನಾಯಕನ ಕೆನ್ನೆಯ ನೆರಳಿನಲ್ಲಿ ಬಳಪದಿಂದ ತೀಡಿದಂಥ, ಒಂದರಂತೆ ಒಂದಿರದ ಕಣಗಳು ಕಾಣುತ್ತವೆ. ಆಮೇಲೆ ಬಂದ ಆಫ್‌ಸೆಟ್ ಮುದ್ರಣದಲ್ಲಿ ಸಾಲುಗಟ್ಟಿದ ಚುಕ್ಕೆಗಳಿರುತ್ತವೆ. ಹಳೆಯ ಪೋಸ್ಟರಿನ ಛಾಯಾಚಿತ್ರ ತೆಗೆದು ಹೊಸದಾಗಿ ಅಚ್ಚು ಹಾಕಿದ ನಕಲಿನಲ್ಲಿ ಇನ್ನೂ ತಮಾಷೆಯ ಸಂಗತಿ ಸಿಗುತ್ತದೆ: ಮಡಿಕೆಯ ಗೆರೆಗಳು ಕಣ್ಣಿಗೆ ಕಾಣುತ್ತವೆ, ಬೆರಳಾಡಿಸಿದರೆ ಸಿಗುವುದಿಲ್ಲ, ಏಕೆಂದರೆ ಅವೂ ಶಾಯಿಯಲ್ಲೇ ಅಚ್ಚಾಗಿರುತ್ತವೆ. ಮುದ್ರಿಸಿದ ಕಾಗದದ ಮೇಲೆ ಮುದ್ರಕರ ಹೆಸರೂ ಊರೂ ಇರಬೇಕೆಂದು 1867ರ ಮುದ್ರಣ ಕಾಯಿದೆ ವಿಧಿಸಿದ್ದರಿಂದ ಪೋಸ್ಟರಿನ ಕೆಳಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಅದು ಎಲ್ಲಿ ಅಚ್ಚಾಯಿತೆಂದು ತಿಳಿಯಲು ಅನೇಕ ವೇಳೆ ನಮಗಿರುವ ಆಧಾರ ಅದೊಂದೇ. ಲ್ಯಾಮಿನೇಷನ್ ಅಂಗಡಿಯಲ್ಲಿ ಅಂಚು ನೇರವಾಗಲೆಂದು ಬ್ಲೇಡಿನಿಂದ ಮೊದಲು ಕತ್ತರಿಸಿ ಎಸೆಯುವುದು ಆ ಸಾಲನ್ನೇ. ಮೇಲೆ ಪ್ಲಾಸ್ಟಿಕ್ಕಿನ ಹೊಳಪು ಬಂದಮೇಲೆ ಶಾಯಿಯ ಮೈಯೂ ಕಾಗದದ ಒರಟೂ ಮರೆಯಾಗಿ, ಅಸಲಿಗೂ ನಕಲಿಗೂ ವ್ಯತ್ಯಾಸ ಹೇಳುವುದು ಕಷ್ಟವಾಗುತ್ತದೆ. ಮುಂಬೈಯ ಚೋರ್ ಬಜಾರಿನಲ್ಲಾಗಲಿ ಬೇರೆಲ್ಲಾಗಲಿ ತಿಳಿದ ವ್ಯಾಪಾರಿಗಳು ಲ್ಯಾಮಿನೇಷನ್ ಆದ ಪೋಸ್ಟರಿಗೆ ಮೂಗು ಮುರಿಯುವುದು ಈ ಕಾರಣದಿಂದಲೇ. ಮಡಿಕೆಯ ಗೆರೆಗಳನ್ನು ದೋಷವೆಂದು ತಿಳಿದು ಇಸ್ತ್ರಿ ಹಾಕಿಸುವವರೂ ಇದ್ದಾರೆ. ಅವರಿಗೆ ಕೈಮುಗಿಯುವುದೊಂದೇ ನನಗೆ ಉಳಿದಿರುವುದು.

ಹಾಗಾದರೆ ಏನು ಮಾಡಬೇಕು? ಜೀರ್ಣವಾದ ಪೋಸ್ಟರಿಗೆ ಬೆನ್ನಾಸರೆ ಕೊಡಿಸುವುದು ಒಳ್ಳೆಯ ದಾರಿ. ಬಲ್ಲವರು ಪೋಸ್ಟರಿನ ಹಿಂಬದಿಗೆ ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡಿದ ತೆಳು ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚಿ, ಬೇಕಾದರೆ ಅದರ ಹಿಂದೆ ಹತ್ತಿಯ ಬಟ್ಟೆಯನ್ನೂ ಕೂಡಿಸುತ್ತಾರೆ. ಆ ಅಂಟನ್ನು ಮುಂದೆ ನೀರಿನಿಂದಲೇ ಬಿಡಿಸಬಹುದು. ಬೆಂಗಳೂರಿನಲ್ಲಿ, ಕಲೆ ಮತ್ತು ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಬೆಲೆಬಾಳುವ ಪೋಸ್ಟರನ್ನು ಮುಟ್ಟುವ ಮೊದಲು ಅಂಥ ತಜ್ಞರನ್ನು ಕೇಳುವುದು ವಿವೇಕ. ಹರಿದಲ್ಲಿಗೆ ಸೆಲ್ಲೊಟೇಪು ಮಾತ್ರ ಬೇಡ. ಟೇಪು ಉದುರಿಹೋಗುತ್ತದೆ, ಅದರ ಅಂಟು ಕಂದು ಕಲೆಯಾಗಿ ಕಾಗದದಲ್ಲಿ ಉಳಿಯುತ್ತದೆ.

ಪ್ಲಾಸ್ಟಿಕ್ಕೇ ಬೇಕೆನ್ನುವವರು ಪಾಲಿಯೆಸ್ಟರಿನ ಪಾರದರ್ಶಕ ಲಕೋಟೆಯನ್ನು ಬಳಸಲಿ. ಅದರಲ್ಲಿ ಕಾಗದ ಸುಮ್ಮನೆ ಕುಳಿತಿರುತ್ತದೆ, ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಬೇಕಾದಾಗ ಹೊರತೆಗೆಯಬಹುದು. ಒಂದು ಬದಿ ತೆರೆದಿರಲಿ. ಹಿಂದೆ ಆಮ್ಲರಹಿತ ಹಾಳೆಯೊಂದಿದ್ದರೆ ಇನ್ನೂ ಒಳ್ಳೆಯದು. ಪೇಟೆಯಲ್ಲಿ ಸುಲಭವಾಗಿ ಸಿಗುವ ಪಿವಿಸಿ ಚೀಲಗಳು ಹಳತಾದಂತೆ ತಾವೇ ಆಮ್ಲವನ್ನು ಬಿಡುವುದರಿಂದ ಅವು ಈ ಕೆಲಸಕ್ಕೆ ಒದಗುವುದಿಲ್ಲ.

ಗೋಡೆಯ ವಿಚಾರದಲ್ಲಿ ಶತ್ರು ಬೆಳಕು. ಬಿಸಿಲಾಗಲಿ ದೀಪವಾಗಲಿ, ಬಣ್ಣಕ್ಕೆ ಮಾಡಿದ ಹಾನಿ ದಿನದಿನಕ್ಕೂ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟ ಮಾತ್ರಕ್ಕೆ ಅದು ಹಿಂದಿರುಗುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಕಾಗದಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂಬುದು ಬೆಳಕನ್ನು ಅಳೆಯುವ ಮಾನ) ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ಕಿಟಕಿ ತೆರೆದಿರುವ ನಮ್ಮ ನಡುಮನೆಗಳಲ್ಲಿ ಹಗಲು ಅದರ ಹಲವು ಪಟ್ಟು ಬೆಳಕಿರುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಗಾಜು ಸಿಗುತ್ತದೆ, ಆದರೆ ಅದು ಹಾನಿಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಫ್ರೇಮು ಹಾಕಿಸುವಾಗ ಪೋಸ್ಟರು ಗಾಜಿಗೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಕೊಡಿಸಬೇಕು, ಹಿಂದೆ ಪ್ಲೈವುಡ್ ಹಾಕಿಸಬಾರದು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದಲ್ಲಿ ಹೊರಗೋಡೆಗಳು ಒಸರುತ್ತವೆ. ಅಲ್ಲಿ ಒಳಗೋಡೆಯನ್ನೇ ಆರಿಸಿಕೊಂಡು, ಫ್ರೇಮಿನ ಹಿಂದೆ ಗಾಳಿಯಾಡುವಷ್ಟು ಸಂದು ಬಿಡದಿದ್ದರೆ ಬೂಷ್ಟು ಹಿಡಿಯುವುದು ಖಚಿತ.

ನಾನು ಮೂಲ ಪ್ರತಿಗಳನ್ನು ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಾ ಒಂದೊಂದನ್ನೇ ಒಳಕೋಣೆಯಲ್ಲಿ ತೂಗುಹಾಕುತ್ತೇನೆ, ಬಿಸಿಲು ಬೀಳುವ ನಡುಮನೆಯಲ್ಲಿ ಸ್ಕ್ಯಾನ್ ಮಾಡಿಸಿ ಮುದ್ರಿಸಿದ ಪ್ರತಿಗಳನ್ನು ಹಾಕಿದ್ದೇನೆ. ಸಂಗ್ರಾಹಕ ಮಿತ್ರರಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ; ನಕಲು ನೇತುಹಾಕುವುದಾದರೆ ಸಂಗ್ರಹವೇಕೆ ಎನ್ನುತ್ತಾರೆ. ಬಂದವರಿಗೆ ರಾಜ್‌ಕುಮಾರ್ ಅವರ ಮುಖ ಕಾಣಬೇಕು, ಮೂಲದ ಕೆಂಪು ಮಾಸಬಾರದು. ಎರಡೂ ಒಟ್ಟಿಗೆ ಆಗಬೇಕಾದರೆ ನನಗೆ ಬೇರೆ ದಾರಿ ಕಂಡಿಲ್ಲ.

ಈಗಾಗಲೇ ಲ್ಯಾಮಿನೇಷನ್ ಮಾಡಿಸಿಬಿಟ್ಟವರು ಅದನ್ನು ಮನೆಯಲ್ಲಿ ಕಿತ್ತುತೆಗೆಯಲು ಹೋಗಬಾರದು, ಶಾಯಿಯ ಪದರವೂ ಪ್ಲಾಸ್ಟಿಕ್ಕಿನೊಂದಿಗೇ ಎದ್ದುಬರುತ್ತದೆ. ಚೆನ್ನಾಗಿ ಸ್ಕ್ಯಾನ್ ಮಾಡಿಸಿಟ್ಟುಕೊಂಡು, ಬಿಸಿಲಿಗೂ ಶಾಖಕ್ಕೂ ದೂರವಾಗಿ ಸಮತಟ್ಟಾಗಿ ಇಡಬಹುದು.