ಉದ್ಯಮಬಾಗದಲ್ಲಿ ಎಂಟು ಮೈಕ್ರಾನಿನ ಹಿಂದೆ ಬಿದ್ದ ದಿನ

"ಬೆರಳಾಗ ತಿರುಗ್ಸೋ ಆಟಿಗಿ ಸಾಮಾನಿಗೆ ಮೈಕ್ರಾನ್ ಯಾಕ್ ಬೇಕ್ರಿ?" ನಮ್ಮ ಶೆಡ್ಡಿಗೆ ಬಂದವರು ಒಮ್ಮೆಯಾದರೂ ಇದನ್ನು ಕೇಳುತ್ತಾರೆ. ಕೇಳೋದು ಸಹಜ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮೈಕ್ರಾನ್ ಲೆಕ್ಕದ ಕೆಲಸ ಅಂದರೆ ಹೈಡ್ರಾಲಿಕ್ ವಾಲ್ವಿನ ಸ್ಪೂಲು, ಪಂಪಿನ ಪಿಸ್ಟನ್, ಅಂಥವು. ಒಂದು ಓಣಿಯಲ್ಲಿ ಫೌಂಡ್ರಿಯ ಸುಟ್ಟ ಮರಳಿನ ವಾಸನೆ, ಪಕ್ಕದ ಓಣಿಯಲ್ಲಿ ಗ್ರೈಂಡಿಂಗ್ ಸದ್ದು. ನಮ್ಮ ಹೊಟ್ಟೆಪಾಡೂ ಅದೇ ಜಾಬ್‌ವರ್ಕ್. ಅದರ ಜೊತೆಗೆ ನಮ್ಮದೇ ಅಂತ ಒಂದಿಷ್ಟು ಸಣ್ಣ ಟೂಲು ಮಾಡುತ್ತೇವೆ. ಸ್ಕ್ರೈಬರ್, ಟ್ಯಾಪ್ ಹ್ಯಾಂಡಲ್, ಒತ್ತಿದರೆ ಒಳಗಿನ ಸ್ಪ್ರಿಂಗೇ ಏಟು ಹಾಕುವ ಸೆಂಟರ್ ಪಂಚ್. ಮತ್ತೆ ಈ ಬೆರಳಾಟದ ಸಾಮಾನು, ಅಂದರೆ ಹಿತ್ತಾಳೆ ಸ್ಪಿನ್ನರ್, ಸ್ಟೀಲ್ ಬುಗುರಿ.

ಇದು ಶುರುವಾದದ್ದು ಮೈಕ್ರೋಮೀಟರಿನಿಂದ, ಅಂದರೆ ದಪ್ಪ ಅಳೆಯುವ ಕೈಸಾಮಾನಿನಿಂದ. ಮೈಕ್ರೋಮೀಟರಿನ ತುದಿಯಲ್ಲಿ ಒಂದು ರ್ಯಾಚೆಟ್ ಇರುತ್ತದೆ. ಜಾಬಿಗೆ, ಅಂದರೆ ಮಾಡುತ್ತಿರುವ ತುಂಡಿಗೆ, ಸರಿಯಾದ ಒತ್ತಡ ಬಿದ್ದ ಮೇಲೆ ಅದು ಟಿಕ್ ಟಿಕ್ ಅಂತ ಜಾರುತ್ತದೆ, ಇಲ್ಲವಾದರೆ ಒಬ್ಬೊಬ್ಬರು ಒಂದೊಂದು ಥರ ಬಿಗಿ ಮಾಡಿ ಒಂದೊಂದು ಅಳತೆ ಹೇಳುತ್ತಿದ್ದರು. ನಮ್ಮಲ್ಲಿ ಕೆಲಸವಿಲ್ಲದಾಗ ಯಾರೇ ಕೂತರೂ ಕೈಯಲ್ಲಿ ಆ ರ್ಯಾಚೆಟ್ಟೇ. ಫೋನಿನಲ್ಲಿ ಮಾತಾಡುತ್ತಾ ಟಿಕ್ ಟಿಕ್, ಚಹಾ ಬರೋ ತನಕ ಟಿಕ್ ಟಿಕ್. ಕಾಕಾ ಬೈಯುತ್ತಿದ್ದರು, ಅದು ಅಳತೆಯ ಸಾಮಾನು, ಗಿಲಕಿ ಅಲ್ಲ ಅಂತ. 2017ರಲ್ಲಿ ಸ್ಪಿನ್ನರ್ ಹುಚ್ಚು ಎಲ್ಲ ಕಡೆ ಹಬ್ಬಿ, ಹಗುರ ಪ್ಲಾಸ್ಟಿಕ್ಕಿನವು ಅಂಗಡಿ ಅಂಗಡಿಯಲ್ಲಿ ನೇತಾಡುತ್ತಿದ್ದಾಗ, ಒಂದನ್ನು ನಾವೇ ಲೋಹದಲ್ಲಿ ಮಾಡಿ ನೋಡಿದೆವು. ಹುಚ್ಚು ಇಳಿಯಿತು, ನಮ್ಮ ಆಸಕ್ತಿ ಇಳಿಯಲಿಲ್ಲ. ತೂಕವಾದ, ನೆಟ್ಟಗಿರುವ, ಕೈಗೆ ಹಿತವಾಗುವ ಒಂದು ವಸ್ತು ಬೇಕು ಅನ್ನುವ ಜನ ಇದ್ದಾರೆ. ಅವರಿಗಾಗಿ ಮಾಡುತ್ತೇವೆ.

ನಾವು ಐದೇ ಜನ. ನಾನು, ಪ್ರೋಗ್ರಾಂ ಬರೆಯುವ ಗೆಳೆಯ, ಅವನ ಹೆಂಡತಿ ಅಂದರೆ ನಮಗೆಲ್ಲ ವೈನಿ, ಸಿಎನ್‌ಸಿ ಅನ್ನುವ ಕಂಪ್ಯೂಟರ್ ಲೇತು ನಡೆಸುವ ಹುಡುಗ, ಮತ್ತೆ ಕಾಕಾ. ಕಾಕಾ ಕೈಲೇತಿನ ಕಾಲದವರು. ವಯಸ್ಸಾಗಿದೆ, ಕನ್ನಡಕ ದಪ್ಪ ಆಗಿದೆ, ಆದರೆ ಇನ್ಸರ್ಟ್, ಅಂದರೆ ಟೂಲಿನ ಕೊರೆಯುವ ತುದಿ, ಸವೆದದ್ದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಹೇಳಬೇಕೆಂದಿದ್ದು ಒಂದು ಏಪ್ರಿಲ್ ದಿನದ ಕಥೆ. ಬೆಳಗಾವಿಗೆ ತಂಪಿನ ಊರು ಅಂತ ಹೆಸರು, ಆದರೆ ತಗಡಿನ ಶೆಡ್ಡಿನೊಳಗೆ ಏಪ್ರಿಲ್ ಮಧ್ಯಾಹ್ನ ಬೇರೆಯೇ ಊರು. ಬೆಂಗಳೂರಿಗೆ 300 ಹಿತ್ತಾಳೆ ಸ್ಪಿನ್ನರ್ ಹೋಗಬೇಕಿತ್ತು, ಆ ರಾತ್ರಿಯ ಬಸ್ಸಿಗೆ ಪಾರ್ಸಲ್ ಹಾಕುವ ಮಾತಾಗಿತ್ತು. ಅರ್ಧದಷ್ಟು ಬಾಡಿಗಳು, ಅಂದರೆ ಬೇರಿಂಗು ಕೂರುವ ಹಿತ್ತಾಳೆ ಮೈಗಳು, ಹಿಂದಿನ ದಿನ ಮತ್ತು ಆ ಬೆಳಗ್ಗೆ ಮುಗಿದಿದ್ದವು, ಉಳಿದವು ಮೆಷಿನ್ನಿನಲ್ಲಿ ಓಡುತ್ತಿದ್ದವು.

ಸ್ಪಿನ್ನರಿನ ಎದೆ ಅಂದರೆ ನಡುವಿನ ಬೇರಿಂಗು. ನಾವು ಹಾಕೋದು 608. ಸ್ಕೇಟಿಂಗ್ ಗಾಲಿಯಲ್ಲಿ ಇರುತ್ತದಲ್ಲ, ಅದೇ. ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ವ್ಯಾಸ 22, ಅಗಲ 7. ಪೇಟೆಯಿಂದ ಬರುವಾಗ ಒಳಗೆ ಗ್ರೀಸ್ ಇರುತ್ತದೆ. ಗ್ರೀಸ್ ಇದ್ದರೆ ಬೇರಿಂಗು ಬಹಳ ದಿನ ಬಾಳುತ್ತದೆ, ಆದರೆ ಬೆರಳಿನ ಒಂದು ತಳ್ಳಿಗೆ ಬೇಗ ನಿಂತುಬಿಡುತ್ತದೆ. ಅದಕ್ಕೇ ಮೇಲಿನ ತಗಡಿನ ಮುಚ್ಚಳ ತೆಗೆದು, ತೊಳೆದು, ಒಣಗಿಸಿ, ಒಂದೇ ಒಂದು ಹನಿ ತೆಳು ಎಣ್ಣೆ ಹಾಕುತ್ತೇವೆ. ಗ್ರೀಸ್ ಹೋದ ಬೇರಿಂಗು ಏನನ್ನೂ ಮುಚ್ಚಿಡುವುದಿಲ್ಲ. ಕೂರುವ ಜಾಗದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ತಿರುಗುವಾಗ ಹೇಳಿಬಿಡುತ್ತದೆ.

ಆ ದಿನ ಮೊದಲು ಹೇಳಿದ್ದು ಬೇರಿಂಗು ಅಲ್ಲ, ವೈನಿ. ಬೇರಿಂಗು ತೊಳೆಯುವುದು, ಆರ್ಬರ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವುದು ಎಲ್ಲ ಅವರದೇ ಕೈ. ಊಟ ಆದ ಮೇಲೆ ಹೊಸ ಟ್ರೇಯಿಂದ ಕೆಲವು ಒತ್ತಿದ್ದರು, ಆಮೇಲೆ ಪ್ರೆಸ್ಸಿನ ಹಿಡಿಕೆ ಬಿಟ್ಟು ಸುಮ್ಮನೆ ನಿಂತರು.

"ಇವು ಬ್ಯಾರೆ ಅದಾವ ನೋಡ್ರಿ. ಮುಂಜಾನಿಂದು ಹಗೂರಕ ಇಳೀತಿದ್ದು. ಇವಕ್ಕ ಕೈ ಊರಬೇಕಾಗೇತಿ."

ತಿರುಗಿಸಿ ನೋಡಿದೆವು. ಬೆಳಗಿನ ಸ್ಪಿನ್ನರ್ ತಳ್ಳಿದರೆ ಸದ್ದೇ ಇಲ್ಲದೆ ಓಡುತ್ತಿತ್ತು. ಮಧ್ಯಾಹ್ನದ್ದು ಗರಗರ ಅನ್ನುತ್ತಿತ್ತು, ಮತ್ತೆ ಅರ್ಧ ಹೊತ್ತಿಗೇ ನಿಲ್ಲುತ್ತಿತ್ತು. ಕಾಕಾ ಒಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಓಡಿಸದೆ ಬರೀ ಒಂದಿಷ್ಟೇ ಹಿಂದಕ್ಕೆ ಮುಂದಕ್ಕೆ ಹೊರಳಿಸಿದರು. "ಗುಂಡು ಬಿಗಿದಾವ" ಅಂದರು.

ಬೇರಿಂಗಿನ ಲಾಟೇ ಕೆಟ್ಟದ್ದು ಬಂದಿರಬೇಕು ಅಂತ ಗೆಳೆಯನ ಅನುಮಾನ. ಅದನ್ನು ಪರೀಕ್ಷಿಸೋದು ಸುಲಭ. ಗರಗರ ಅನ್ನುತ್ತಿದ್ದ ಒಂದನ್ನು ಬಾಡಿಯಿಂದ ಒತ್ತಿ ಹೊರತೆಗೆದು ಪೆನ್ಸಿಲ್ಲಿಗೆ ಸಿಕ್ಕಿಸಿ ತಿರುಗಿಸಿದೆವು. ನೀರು ಕುಡಿದಷ್ಟು ಸಲೀಸು. ಅಂದಮೇಲೆ ಬೇರಿಂಗು ಚೆನ್ನಾಗಿದೆ, ಅದು ಕೂರುವ ತೂತು ಅದನ್ನು ಹಿಚುಕುತ್ತಿದೆ. 608ರ ಒಳಗೆ ಗುಂಡಿಗೂ ಅದು ಉರುಳುವ ಓಣಿಗೂ ನಡುವೆ ಇರುವ ಸಡಿಲ ಸಾಮಾನ್ಯವಾಗಿ 2ರಿಂದ 13 ಮೈಕ್ರಾನ್. ಅಷ್ಟೇ. ಹೊರಗಿನ ಬಳೆಯನ್ನು ಜಾಸ್ತಿ ಒತ್ತಿದರೆ ಆ ಸಡಿಲ ಹೋಗಿ ಗುಂಡುಗಳು ಉಸಿರುಗಟ್ಟುತ್ತವೆ.

ನಮ್ಮ ಡ್ರಾಯಿಂಗಿನಲ್ಲಿ ತೂತು 21.992ರಿಂದ 22.000 ಮಿಲಿಮೀಟರ್ ಇರಬೇಕು. ಹುಡುಗನ ಅಳತೆ ಪುಸ್ತಕ ತೆಗೆದೆವು. ಮಧ್ಯಾಹ್ನದ ಸಾಲಿನಲ್ಲೆಲ್ಲ 21.994, 21.995, 21.994. ಕಣ್ಣಿಗೆ ಕಟ್ಟುವಷ್ಟು ಒಳ್ಳೆ ಅಳತೆ. ತೂತು ಅಳೆಯುವ ಬೋರ್ ಗೇಜ್ ತಂದು ನಾನೇ ಅದೇ ಬಾಡಿಗಳನ್ನು ಅಳೆದೆ. 21.986. ಇನ್ನೊಂದು, 21.987. ಎಂಟು ಮೈಕ್ರಾನಿನ ಆಸುಪಾಸು ವ್ಯತ್ಯಾಸ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದುಕೊಂಡರೆ ಇದು ಅದರ ಒಂಬತ್ತನೇ ಒಂದು ಪಾಲು.

ಹುಡುಗನ ಮುಖ ಸಣ್ಣಗಾಯಿತು. "ಕಾಕಾ, ನಾ ಬರದದ್ದು ಖರೆ ಐತ್ರಿ. ಪ್ರತಿಯೊಂದೂ ಗೇಜ್ ಹಾಕೇ ಬರದೇನಿ."

ಕಾಕಾ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಮೆಷಿನ್ನಿನ ಬಾಗಿಲು ತೆಗೆಸಿ ಆಗಷ್ಟೇ ಮುಗಿದ ಒಂದು ಬಾಡಿ ತೆಗೆದುಕೊಂಡರು. ಕೂಲಂಟ್, ಅಂದರೆ ಕೊರೆಯುವಾಗ ತಂಪಿಗೆ ಸುರಿಯುವ ದ್ರವ, ಒರೆಸಿದರು. ತಪಾಸಣೆಯ ಗಾಜಿನ ಕೋಣೆಯಿಂದ ಸೆಟ್ಟಿಂಗ್ ರಿಂಗ್ ತರಿಸಿದರು. ಬೋರ್ ಗೇಜಿಗೆ ಸೊನ್ನೆ ಹಿಡಿಸುವುದು ಆ ಸ್ಟೀಲ್ ಬಳೆಯ ಮೇಲೆ. ಹುಡುಗನ ಎರಡೂ ಅಂಗೈ ಮೇಲಕ್ಕೆ ಮಾಡಿಸಿ, ಎಡಗೈ ಮಣಿಕಟ್ಟಿನ ಒಳಬದಿಗೆ ಬಾಡಿ, ಬಲಗೈ ಮಣಿಕಟ್ಟಿಗೆ ರಿಂಗ್ ಇಟ್ಟರು.

"ಯಾವುದು ಬಿಸಿ ಐತಿ, ತಮ್ಮಾ?"

ಹಿತ್ತಾಳೆ ಬೆಚ್ಚಗಿತ್ತು. ರಿಂಗ್ ತಣ್ಣಗಿತ್ತು. ಹುಡುಗ ನಮ್ಮ ಮುಖ ನೋಡಿದ, ಆಮೇಲೆ ಗೇಜ್ ನೋಡಿದ, ಅವನಿಗೆ ತಿಳಿಯಿತು.

ಗಾಜಿನ ಕೋಣೆಯಲ್ಲಿ ಎಸಿ ಇದೆ, ಅಲ್ಲಿ 25 ಡಿಗ್ರಿ. ಹೊರಗೆ ಶೆಡ್ಡಿನಲ್ಲಿ ಬೆಳಗಿನಿಂದ ನಿಲ್ಲದೆ ಓಡಿದ ಮೆಷಿನ್ನು, ಅದರ ಸಣ್ಣ ಟ್ಯಾಂಕಿನ ಕೂಲಂಟು ಮಧ್ಯಾಹ್ನಕ್ಕೆ 40 ದಾಟಿ ಹೋಗಿತ್ತು. ಜಾಬ್ ಹೊರಬರುತ್ತಿದ್ದದ್ದೇ ಆ ಬಿಸಿಯಲ್ಲಿ. ಹಿತ್ತಾಳೆ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 19 ಮೈಕ್ರಾನ್ ಹಿಗ್ಗುತ್ತದೆ. 22 ಮಿಲಿಮೀಟರ್ ತೂತಿಗೆ ಲೆಕ್ಕ ಹಾಕಿದರೆ ಡಿಗ್ರಿಗೆ 0.4 ಮೈಕ್ರಾನ್. ಇಪ್ಪತ್ತು ಡಿಗ್ರಿಗೆ ಎಂಟು. ತೂತಿರುವ ವಸ್ತು ಬಿಸಿಯಾದರೆ ತೂತು ಚಿಕ್ಕದಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ತೂತೂ ದೊಡ್ಡದಾಗುತ್ತದೆ. ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಾ ಕಾಸಿ ಹಾಕೋದು ಇದೇ ಕಾರಣಕ್ಕೆ. ಬಿಸಿಯಲ್ಲಿ ತೂತು ದೊಡ್ಡದಾಗಿ ಕಾಣುತ್ತಿತ್ತು, ಹುಡುಗ ಅಳತೆ ಮೇಲಕ್ಕೆ ಹೋಗುತ್ತಿದೆ ಅಂತ ಟೂಲ್ ಆಫ್‌ಸೆಟ್ ಕಡಿಮೆ ಮಾಡುತ್ತಾ, ಅಂದರೆ ತೂತು ಇನ್ನಷ್ಟು ಚಿಕ್ಕದಾಗಿ ಕೊರೆಯಿಸುತ್ತಾ ಬಂದ, ಬಿಸಿ ಇರುವಾಗ ಅಳತೆ ಪುಸ್ತಕಕ್ಕೆ ಸರಿಯಾಗಿ ಬಂತು, ತಣ್ಣಗಾದ ಮೇಲೆ ತೂತು ಕುಗ್ಗಿ ಬೇರಿಂಗಿನ ಕುತ್ತಿಗೆ ಹಿಡಿಯಿತು. ಜಗತ್ತಿನ ಉದ್ದದ ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಅಂತ ಒಂದು ಗೆರೆ ಎಳೆದದ್ದು 1931ರಲ್ಲಿ. ಡ್ರಾಯಿಂಗಿನ ಮೇಲೆ ಬರೆಯಲಿ ಬಿಡಲಿ, ಅದರಲ್ಲಿರುವ ಪ್ರತಿ ಅಳತೆಯೂ ಆ ಇಪ್ಪತ್ತರಲ್ಲಿ ಇರಬೇಕಾದ ಅಳತೆ.

ಕಾರಣ ಸಿಕ್ಕಿತು. ಆದರೆ ಟ್ರೇ ತುಂಬ ಬಿಗಿ ಬಾಡಿಗಳು ಕೂತಿದ್ದವು, ರಾತ್ರಿ ಬಸ್ಸು ಕಾಯುವುದಿಲ್ಲ.

ಗೆಳೆಯ ಹೇಳಿದ, ಸಿ3 ಬೇರಿಂಗ್ ಹಾಕೋಣ, ಅದರಲ್ಲಿ ಒಳಗಿನ ಸಡಿಲವೇ ಜಾಸ್ತಿ, 8ರಿಂದ 23 ಮೈಕ್ರಾನ್ ಇರುತ್ತದೆ. ತಲೆ ಓಡಿಸಿದ ಮಾತೇ. ಆದರೆ ಅಷ್ಟೊಂದು ಸಿ3 ಆ ಹೊತ್ತಿಗೆ ಬೆಳಗಾವಿ ಪೇಟೆಯಲ್ಲಿ ಸಿಗಲಿಲ್ಲ. ಇನ್ನೊಂದು ಮಾತೂ ಬಂತು, ಇದ್ದ ಹಾಗೇ ಕಳಿಸಿದರೆ ಏನಾಗುತ್ತದೆ, ತಿರುಗುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ ಅಂತ. ಇದಕ್ಕೆ ಉತ್ತರ ಕೊಟ್ಟವರು ವೈನಿ.

"ನನ್ನ ಕೈಗೆ ಗೊತ್ತಾಗೇತಿ. ರೊಕ್ಕಾ ಕೊಟ್ಟು ತಗೊಂಡವ್ರ ಕೈಗೆ ಗೊತ್ತಾಗೂದಿಲ್ಲೇನ್ರಿ?"

ಆಟಿಕೆಗೆ ಮೈಕ್ರಾನ್ ಯಾಕೆ ಅನ್ನುವವರಿಗೆ ನಾನು ಈಗ ಹೇಳೋದು ಇದನ್ನೇ. ಹೈಡ್ರಾಲಿಕ್ ಸ್ಪೂಲಿಗೆ ಟೆಸ್ಟ್ ರಿಗ್ ಇದೆ, ಇಷ್ಟು ಒತ್ತಡಕ್ಕೆ ಇಷ್ಟು ಸೋರಬಹುದು ಅಂತ ಒಂದು ಅಂಕಿ ಇದೆ, ಅದರೊಳಗಿದ್ದರೆ ಪಾಸು. ಸ್ಪಿನ್ನರಿಗೆ ಅಂಥ ಅಂಕಿ ಇಲ್ಲ, ಬೆರಳೇ ಪರೀಕ್ಷೆ. ಮತ್ತೆ ಬೆರಳು ಸಾಮಾನ್ಯ ಗೇಜ್ ಅಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಬರೀ 13 ನ್ಯಾನೋಮೀಟರ್ ಎತ್ತರದ ಗೆರೆಗಳಿದ್ದ ಮೈಗೂ ಪೂರಾ ನುಣುಪಾದ ಮೈಗೂ ಇರುವ ವ್ಯತ್ಯಾಸವನ್ನು ಜನ ಬೆರಳಾಡಿಸಿಯೇ ಗುರುತಿಸಿದ್ದರು. ನಮ್ಮ ಅತಿ ಸೂಕ್ಷ್ಮ ಗೇಜಿನ ಒಂದು ಗೀಟು ಅಂದರೆ ಒಂದು ಮೈಕ್ರಾನ್, ಅಂದರೆ ಸಾವಿರ ನ್ಯಾನೋಮೀಟರ್. ಇಂಥ ಬೆರಳಿಗೆ ದಿನವಿಡೀ ಸಿಗುವ ವಸ್ತುವನ್ನು ಹೇಗೋ ಮಾಡಿ ಕಳಿಸೋದು ಹ್ಯಾಂಗ?

ಒಂದು ಸಮಾಧಾನ ಇತ್ತು. ತೂತು ಚಿಕ್ಕದಾಗಿತ್ತೇ ಹೊರತು ದೊಡ್ಡದಾಗಿರಲಿಲ್ಲ. ದೊಡ್ಡದಾಗಿದ್ದರೆ ಅಂಟು ಹಾಕಿ ಬೇರಿಂಗು ನಿಲ್ಲಿಸಬೇಕಿತ್ತು, ಹಾಗೆ ಮಾಡಿದ್ದನ್ನು ಮುಂದೆ ಸವೆದಾಗ ಬದಲಿಸೋದು ಕಷ್ಟ. ಚಿಕ್ಕದನ್ನು ಮತ್ತೆ ಕೊರೆಯಬಹುದು. ಬಹುದು ಅಷ್ಟೇ, ಸುಲಭ ಅಲ್ಲ. ಒಮ್ಮೆ ಬಿಚ್ಚಿದ ಜಾಬನ್ನು ಮತ್ತೆ ಮೆಷಿನ್ನಿನ ಹಿಡಿತವಾದ ಚಕ್ಕಿಗೆ ಕೊಟ್ಟರೆ ಮೊದಲಿನ ಸೆಂಟರ್ ಸಿಗುವುದಿಲ್ಲ. ಸೆಂಟರ್ ತಪ್ಪಿದರೆ ಸ್ಪಿನ್ನರ್ ತಿರುಗುವಾಗ ಒಂದು ಕಡೆ ಭಾರವಾಗಿ ಬೆರಳಲ್ಲಿ ಅದುರುತ್ತದೆ. ಅದಕ್ಕೆ ಕಾಕಾ ಸಾಫ್ಟ್ ಜಾ ಹಾಕಿಸಿದರು. ಅವು ಮೆತ್ತಗಿನ ದವಡೆ, ಅವನ್ನು ಅದೇ ಮೆಷಿನ್ನಿನಲ್ಲಿ ಬಾಡಿಯ ಅಳತೆಗೆ ಕೊರೆದುಕೊಂಡು, ಡಯಲ್ ಹಚ್ಚಿ, ಮುಳ್ಳು ಅಲುಗದ ಮಟ್ಟಿಗೆ ತಂದರು.

ಎಂಟು ಮೈಕ್ರಾನ್ ತೆಗೆಯುವುದು ಎಂಟು ಮಿಲಿಮೀಟರ್ ತೆಗೆಯುವುದಕ್ಕಿಂತ ಕಷ್ಟ. ವ್ಯಾಸದಲ್ಲಿ ಎಂಟು ಅಂದರೆ ಟೂಲಿನ ಪಾಲಿಗೆ ಬರೀ ನಾಲ್ಕು. ಸ್ಟೀಲಿಗೆ ಬಳಸುವ ಇನ್ಸರ್ಟಿನ ಅಂಚು ಸ್ವಲ್ಪ ದುಂಡಗಿರುತ್ತದೆ, ಅಷ್ಟು ತೆಳ್ಳಗೆ ಹಿಡಿದರೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಅಲ್ಯೂಮಿನಿಯಂ ಕೆಲಸಕ್ಕೆ ಬರುವ ಪಾಲಿಶ್ ಮಾಡಿದ ಚೂಪು ಇನ್ಸರ್ಟ್ ಹಾಕಿದೆವು. ಹಿತ್ತಾಳೆ ಬಂಗಾರದ ಪುಡಿಯ ಹಾಗೆ ಉದುರಿತು. ಒಂದು ಬಾಡಿ ಕೊರೆಯೋದು, ಗಾಜಿನ ಕೋಣೆಯ ಗ್ರಾನೈಟ್ ಕಲ್ಲಿನ ಮೇಲೆ ರಿಂಗಿನ ಪಕ್ಕದಲ್ಲೇ ಇಡೋದು, ಎರಡೂ ಒಂದೇ ತಂಪಿಗೆ ಬರುವ ತನಕ ಕಾಯೋದು, ಅಳೆಯೋದು. ಮೊದಲನೆಯದು ಸರಿ ಬರುವ ತನಕ ಮುಂದಿನದಕ್ಕೆ ಕೈ ಹಚ್ಚಲು ಕಾಕಾ ಬಿಡಲಿಲ್ಲ. ಕಾಯುವ ಹೊತ್ತಿನಲ್ಲಿ ನಮ್ಮೆಲ್ಲರ ಕಣ್ಣು ಗಡಿಯಾರದ ಮೇಲೆ, ಅವರ ಕಣ್ಣು ಕಲ್ಲಿನ ಮೇಲೆ.

ಸಂಜೆ ಗಾಳಿ ಎದ್ದಿತು, ಗುಡುಗಿತು, ಕರೆಂಟ್ ಹೋಯಿತು. ಪಾರ್ಸಲ್ ಅಂದು ಹೋಗಲಿಲ್ಲ. ಬೆಂಗಳೂರಿನವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವರು ಒಂದು ದಿನ ಕೊಟ್ಟರು. ಕರೆಂಟ್ ಬಂದ ಮೇಲೆ ಜಾಬ್ ತಿರುಗಿಸುವ ಸ್ಪಿಂಡಲ್ ಖಾಲಿ ಓಡಿಸಿ ಬೆಚ್ಚಗೆ ಮಾಡಿಕೊಂಡೇ ಮುಂದಿನ ಜಾಬ್ ಹಿಡಿದೆವು, ಯಾಕಂದರೆ ತಣ್ಣಗಾದ ಸ್ಪಿಂಡಲ್ಲೂ ತನ್ನದೇ ಒಂದೆರಡು ಮೈಕ್ರಾನ್ ಸೇರಿಸುತ್ತದೆ. ರಾತ್ರಿ ತಡವಾಗಿ ವೈನಿ ಕೊನೆಯ ಟ್ರೇ ಒತ್ತಿದರು. ಹಿಡಿಕೆ ಹಗೂರಕ ಇಳಿಯಿತು. ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿಯೇ ಡಬ್ಬಿಗೆ ಹಾಕಿದರು. ಒಂದು ಚೀಟಿಯೂ ಹಾಕುತ್ತೇವೆ, ಸಣ್ಣ ಮಕ್ಕಳ ಕೈಗೆ ಕೊಡಬೇಡಿ ಅಂತ. ಚೆನ್ನಾಗಿ ಕೊರೆಯಲು ಬರುವ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಇರುತ್ತದೆ, ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಈ ಚೀಟಿಯಿಂದ ಮಾರಾಟ ಒಂದಿಷ್ಟು ಕಡಿಮೆಯಾದರೂ ಆಗಲಿ.

ಈಗ ನಮ್ಮ ಅಳತೆ ಪುಸ್ತಕದಲ್ಲಿ ಜಾಬಿನ ಬಿಸಿ ಬರೆಯಲು ಒಂದು ಕಾಲಮ್ ಇದೆ. ಕೂಲಂಟ್ ಟ್ಯಾಂಕ್ ದೊಡ್ಡದು ಹಾಕಿಸಿದ್ದೇವೆ. ಹುಡುಗ ಪುಸ್ತಕದ ಹಿಂದಿನ ಹಾಳೆಯಲ್ಲಿ ತನ್ನದೇ ಒಂದು ಪಟ್ಟಿ ಬರೆದುಕೊಂಡಿದ್ದಾನೆ, ಮೀಟರಿಗೆ ಡಿಗ್ರಿಗೆ ಎಷ್ಟು ಮೈಕ್ರಾನ್ ಅಂತ. ಅಲ್ಯೂಮಿನಿಯಂ 23, ಹಿತ್ತಾಳೆ 19, 304 ಸ್ಟೇನ್‌ಲೆಸ್ 17, ಸಾದಾ ಸ್ಟೀಲ್ 12, ಟೈಟಾನಿಯಂ 9. ಸ್ಟೇನ್‌ಲೆಸ್ಸೂ ಹಿತ್ತಾಳೆಗೆ ಇಷ್ಟು ಹತ್ತಿರ ಇದೆ ಅಂತ ಅವನಿಗೆ ಆಶ್ಚರ್ಯ. ಅದೇ ಬೆಂಗಳೂರಿನವರು ಮುಂದೆ ಕೇಳಿದ್ದು 304ರ ಬುಗುರಿ. ಅದರ ಮೊದಲ ತುಂಡು ಮೆಷಿನ್ನಿನಿಂದ ಬಂದ ಕೂಡಲೇ ನಾನು ಗೇಜಿಗೆ ಕೈ ಹಾಕಿದ್ದೆ. "ತಡೀರಿ ಅಣ್ಣಾ, ಆರ್ಲಿ" ಅಂತ ಅವನೇ ಅದನ್ನು ಒಯ್ದು ಕಲ್ಲಿನ ಮೇಲಿಟ್ಟ.