ಮುಳುಗಡೆ ಮಾತು: ಐದು ತಿಂಗಳ ರೆಕಾರ್ಡಿಂಗ್ ಲೆಕ್ಕ

ಜೂನ್ 2025

ಸಾಗರದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಹಾಕಿಸಲು ಬಂದ ಹೈಸ್ಕೂಲ್ ಮೇಷ್ಟ್ರೊಬ್ಬರು, "ಒಂಬತ್ತನೇ ಕ್ಲಾಸಿನ ಮಕ್ಕಳ ಕೈಲಿ ಅವರವರ ಅಜ್ಜ ಅಜ್ಜಿಯ ಮಾತು ರೆಕಾರ್ಡ್ ಮಾಡಿಸಬೇಕು ಅಂತಿದ್ದೀನಿ. ಸ್ವಲ್ಪ ಹೇಳಿಕೊಡ್ತೀರಾ?" ಎಂದರು. ತಕ್ಷಣ ಒಪ್ಪಿಕೊಂಡೆ. ನಮ್ಮದೂ ಮುಳುಗಡೆ ಮನೆಯೇ. ಲಿಂಗನಮಕ್ಕಿ ಡ್ಯಾಂ ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿಗೆ ಊರು ಬಿಟ್ಟು ಬಂದವರಲ್ಲಿ ನಮ್ಮಜ್ಜನೂ ಒಬ್ಬ. ಅವನನ್ನು ಕೂರಿಸಿ ಕೇಳಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ಅವನೇ ಇರಲಿಲ್ಲ.

ನ್ಯೂಯಾರ್ಕಿನಲ್ಲಿ 2003ರಲ್ಲಿ ಶುರುವಾದ, ಜನರ ಮಾತು ರೆಕಾರ್ಡ್ ಮಾಡಿಡುವ ಸಂಸ್ಥೆ ಸ್ಟೋರಿಕಾರ್ಪ್ಸ್‌ನವರು ಗುರುತಿರುವ ಇಬ್ಬರನ್ನು ಎದುರುಬದುರು ಕೂರಿಸಿ 40 ನಿಮಿಷ ಮಾತಾಡಿಸುತ್ತಾರೆ. ಆ ಪದ್ಧತಿಯನ್ನೇ ಎತ್ತಿಕೊಂಡೆವು. ನಾನು ಎದುರಿಗೆ ಕೂತರೆ ಅಜ್ಜಿಯಂದಿರು ಪುಸ್ತಕದ ಕನ್ನಡ ಶುರುಮಾಡುತ್ತಾರೆ. ಮೊಮ್ಮಗಳು ಕೂತರೆ ಬೈಗುಳವೂ ಬರುತ್ತದೆ.

ಮೊದಲ ನಾಲ್ಕು ರೆಕಾರ್ಡಿಂಗ್ ಪೂರಾ ಹಾಳು. ತಗಡಿನ ಮಾಡಿನ ಮೇಲೆ ಮಳೆ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮಲೆನಾಡಿನಲ್ಲಿ ಜೂನ್ ತಿಂಗಳು ನೋಡಿ ಇಂಥ ಕೆಲಸ ಹಿಡಿದ ಬುದ್ಧಿವಂತರು ನಾವು. ಕೊನೆಗೆ ಒಬ್ಬ ಹುಡುಗ ಭತ್ತದ ಚೀಲ ಪೇರಿಸಿದ ಒಳಕೋಣೆಯಲ್ಲಿ ಅಜ್ಜನನ್ನು ಕೂರಿಸಿದ. ಸ್ಟುಡಿಯೋದಲ್ಲಿ ಮಾಡಿದ ಹಾಗೆ ಬಂತು! ಚೀಲಗಳು ಗುಂಯ್‌ಗುಡುವ ಸದ್ದನ್ನೆಲ್ಲ ಕುಡಿದುಬಿಡುತ್ತವೆ. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಭತ್ತ ಇಲ್ಲದಿದ್ದರೆ ಹಾಸಿಗೆ, ಕಂಬಳಿ ಇರುವ ಕೋಣೆ. ಫೋನ್ ಮಡಿಸಿದ ಬಟ್ಟೆಯ ಮೇಲೆ, ಬಾಯಿಂದ ಎರಡು ಗೇಣು ದೂರ. ಏರೋಪ್ಲೇನ್ ಮೋಡ್ ಕಡ್ಡಾಯ.

ಜುಲೈ

ಮಕ್ಕಳು ರೆಕಾರ್ಡ್ ಮಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸತೊಡಗಿದರು. ಅಲ್ಲೇ ಹೊಸದಾಗಿ ವಾಯ್ಸ್ ಮೆಸೇಜ್ ಒತ್ತಿ ಹಿಡಿದು ಮಾಡಿದವರೂ ಇದ್ದರು. ವಾಯ್ಸ್ ಮೆಸೇಜ್ ಸದ್ದನ್ನು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಸದ್ದನ್ನು ಹಿಂಡದೆ ಇಡುವ ವೇವ್ ಫೈಲ್ ಆದರೆ ಮೋನೋದಲ್ಲಿ (ಒಂದೇ ಚಾನೆಲ್) ನಿಮಿಷಕ್ಕೆ ಸುಮಾರು 5 ಎಂಬಿ, 40 ನಿಮಿಷಕ್ಕೆ 200 ಎಂಬಿ. ಜಾಸ್ತಿ ಅನ್ನಿಸುತ್ತದೆ, ಆದರೆ ಮೂಲ ಅದೇ ಇರಬೇಕು. ಫೋನಿಗೇ ಚುಚ್ಚುವ ಒಟಿಜಿ ಪೆನ್‌ಡ್ರೈವ್ ಎರಡು ಕೊಟ್ಟೆ. ಒಂದು ಕಳೆದುಹೋಗಿದೆ.

ಹೊಳೆಬಾಗಿಲಿನಿಂದ ಹಿನ್ನೀರು ದಾಟಿ ಸಿಗಂದೂರು ಕಡೆಗೆ ಹೋಗುತ್ತಿದ್ದ ಲಾಂಚ್ (ಎಂಜಿನ್ ದೋಣಿ) ಗೊತ್ತಲ್ವಾ? ಸೇತುವೆ ಉದ್ಘಾಟನೆಗೆ (ಜುಲೈ 14) ಒಂದು ವಾರ ಮೊದಲು ತುಮರಿ ಕಡೆಯ ಒಬ್ಬ ಹುಡುಗಿ ಲಾಂಚಿನ ಎಂಜಿನ್ ಸದ್ದನ್ನು ಹನ್ನೊಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿಕೊಂಡು ಬಂದಳು. ಸಂದರ್ಶನ ಎಲ್ಲಿ ಎಂದು ಮೇಷ್ಟ್ರು ಗದರಿದರು. ಅದನ್ನು ಮನೆಯಲ್ಲಿ ಹಾಕಿದಾಗ ಅವಳ ಅಜ್ಜಿ, ಹೆರಿಗೆ ನೋವು ಬಂದಾಗ ಆಚೆ ದಡಕ್ಕೆ ದಾಟಲು ಬೆಳಗಿನವರೆಗೆ ಕಾದ ಕತೆ ಹೇಳಿದರು. ಯಾರೂ ಪ್ರಶ್ನೆ ಕೇಳಿರಲಿಲ್ಲ.

ನಮ್ಮ ಪ್ರಶ್ನೆಗಳ ಪಟ್ಟಿ ಮೂಲೆ ಸೇರಿದ್ದು ಆಗಲೇ. "ಊರು ಬಿಡುವಾಗ ನಿಮಗೆ ಹೇಗನಿಸಿತು?" ಎಂದರೆ ಉತ್ತರ ಒಂದೇ: "ಎಂತ ಅನ್ಸೋದು? ಬಿಟ್ಟು ಬಂದ್ವಿ." ಅದರ ಬದಲು "ಹಳೇ ಮನೆಯ ಮುಂಬಾಗಿಲು ಯಾವ ದಿಕ್ಕಿಗಿತ್ತು?" ಎಂದು ಕೇಳಿಸಿದೆವು. ಬಾಗಿಲಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಬಾವಿ, ಬಾವಿಯಿಂದ ಚೌಡಿ ದೇವಿಯ ಬನ. ತೊಲೆ, ಹಂಚು ಬಿಚ್ಚಿ ಲಾರಿಗೆ ಹೇರಿದ್ದು, ಚೌಡಿಯನ್ನು ಅಲ್ಲೇ ಬಿಟ್ಟದ್ದು, ಎಲ್ಲ ತಾನಾಗೇ ಬಂತು.

ಆಗಸ್ಟ್

ಒಂದು ತಮಾಷೆ, ಒಂದು ಪಾಠ. 82 ವರ್ಷದ ಅಜ್ಜರೊಬ್ಬರು "ಡ್ಯಾಂ ಬಂದಾಗ ನನಗೆ ಐದಾರು ವರ್ಷ" ಎಂದಿದ್ದರು. 1964ಕ್ಕೆ ಅವರಿಗೆ 21 ಆಗಿರಬೇಕು. ಅಜ್ಜನಿಗೆ ಮರೆವು ಎಂದು ಬರೆದುಕೊಂಡು ಮೊಮ್ಮಗ ಆ ಭಾಗ ಕತ್ತರಿಸಿಬಿಟ್ಟಿದ್ದ. ಮೇಷ್ಟ್ರು ಹಿಡಿದರು. ಅಜ್ಜ ಹೇಳಿದ್ದು ಲಿಂಗನಮಕ್ಕಿಯ ಮಾತಲ್ಲ, ಅದಕ್ಕೂ ಹಿಂದಿನ ಹಿರೇಭಾಸ್ಕರ ಡ್ಯಾಂನದು. ಮಡೆನೂರು ಡ್ಯಾಂ ಅನ್ನುತ್ತಾರಲ್ಲ, ಅದು. 1948ರಲ್ಲಿ ಜೋಗದಲ್ಲಿ ಕರೆಂಟು ತಯಾರಾಗಲು ಶುರುವಾದಾಗ ನೀರು ಕೊಟ್ಟ ಡ್ಯಾಂ. ಆಮೇಲೆ ಲಿಂಗನಮಕ್ಕಿ ನೀರು ಆ ಡ್ಯಾಂ ಅನ್ನೇ ಮುಳುಗಿಸಿತು. ಅಂದರೆ ಈ ಅಜ್ಜ ಎರಡು ಸಲ ಗಂಟುಮೂಟೆ ಕಟ್ಟಿದವರು. ಮೂಲ ಫೈಲ್ ಇಟ್ಟುಕೊಂಡಿದ್ದರಿಂದ ಬಚಾವ್. ಅಂದಿನಿಂದ ಮೂಲಕ್ಕೆ ಯಾರೂ ಕತ್ತರಿ ಹಾಕುವಂತಿಲ್ಲ. ಕತ್ತರಿಸುವುದೇನಿದ್ದರೂ ಕಂಪ್ಯೂಟರಿನ ಆಡಾಸಿಟಿ ಸಾಫ್ಟ್‌ವೇರಿನಲ್ಲಿ, ನಕಲಿನ ಮೇಲೆ.

ಅಕ್ಷರಕ್ಕೆ ಇಳಿಸುವ ಕೆಲಸ ಕೈಬಿಟ್ಟೆವು. ಮಾತು ಕೇಳಿ ತಾನೇ ಬರೆಯುವ ಫೋನಿನ ಟೈಪಿಂಗ್ ನಮ್ಮ ಕಡೆಯ ಮಾತಿಗೆ ತಬ್ಬಿಬ್ಬಾಗುತ್ತದೆ. ಎಷ್ಟನೇ ನಿಮಿಷದಲ್ಲಿ ಏನಿದೆ ಎಂಬ ಸೂಚಿ ಮಾತ್ರ ಬರೆಸುತ್ತಿದ್ದೇವೆ.

ಅಕ್ಟೋಬರ್

ನಿಜವಾದ ತಲೆನೋವು ಈಗ. ಹದಿನೇಳು ರೆಕಾರ್ಡಿಂಗ್ ಆಗಿದ್ದವು. ಎಲ್ಲವನ್ನೂ ಯಾರು ಬೇಕಾದರೂ ಕೇಳಬಹುದಾದ ಜಾಲತಾಣ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿಬಿಡೋಣ ಎಂದು ನಾನೇ ಕುಣಿಯುತ್ತಿದ್ದೆ. ಒಂದು ಸಂಜೆ ಒಬ್ಬರು ಅಂಗಡಿಗೆ ಬಂದರು. "ಅಪ್ಪ ಯಾವ ವರ್ಷ ಎಷ್ಟು ಎಕರೆ ಕಾಡು ಕಡಿದು ಗದ್ದೆ ಮಾಡಿದ್ರು ಅಂತ ಅದರಲ್ಲಿ ಹೇಳಿದಾರಂತಲ್ಲ. ಅದನ್ನ ಹಾಕ್ಬೇಡ ಮಾರಾಯ."

ನನಗೆ ಹೊಳೆದೇ ಇರಲಿಲ್ಲ. ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅವರು ಉಳುವ ನೆಲ ಕಾಗದದಲ್ಲಿ ಇನ್ನೂ ಕಾಡು. ಅಜ್ಜ ಖುಷಿಯಿಂದ ಹೇಳಿದ ಕತೆ ನಾಳೆ ಯಾರದೋ ಕಡತದಲ್ಲಿ ಒತ್ತುವರಿಯ ಸಾಕ್ಷಿ ಆಗಬಹುದು. ಮರುವಾರ ಇನ್ನೊಬ್ಬರು ಬಂದು, "ನಮ್ಮದನ್ನ ಪೂರ್ತಿ ಹಾಕಿ, ಸರ್ಕಾರದವರೇ ಕರೆತಂದು ಬಿಟ್ಟಿದ್ದು ಅಂತ ಎಲ್ಲರೂ ಕೇಳಲಿ" ಎಂದರು. ಇಬ್ಬರದೂ ಸರಿಯೇ.

ಹಾಗಾಗಿ ಈಗ ಮೂರು ದಾರಿ: ಮನೆಗೆ ಮಾತ್ರ, ಶಾಲೆಯ ಹಾರ್ಡ್ ಡಿಸ್ಕಿಗೆ, ಎಲ್ಲರಿಗೂ. ಯಾವ ದಾರಿ ಎಂದು ರೆಕಾರ್ಡ್ ಮಾಡುವ ದಿನ ಕೇಳುವುದಿಲ್ಲ. ಮಾತಾಡಿದ ಉಮೇದಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಪೂರ್ತಿ ಕೇಳಿಸಿ, ಒಂದು ವಾರ ಬಿಟ್ಟು ಕೇಳುತ್ತೇವೆ. ಫೈಲಿನ ಹೆಸರಿನಲ್ಲಿ ತಾರೀಕು ಮತ್ತು ನಂಬರ್ ಅಷ್ಟೇ, ಮನೆತನದ ಹೆಸರಿಲ್ಲ. ಮಕ್ಕಳು 18 ತುಂಬದವರು, ಅವರ ಪರವಾಗಿ ಅಪ್ಪ ಅಥವಾ ಅಮ್ಮನ ಸಹಿ.

ವಿಕಿಪೀಡಿಯದ ಚಿತ್ರ, ಧ್ವನಿಗಳ ಭಂಡಾರ ವಿಕಿಮೀಡಿಯಾ ಕಾಮನ್ಸ್ ಕೂಡ ನೋಡಿದೆವು. "ಇದರಲ್ಲಿ ಯಾರೂ ದುಡ್ಡು ಮಾಡಬಾರದು" ಎಂಬುದು ಮನೆಯವರ ಶರತ್ತು. ಅಂಥ ಶರತ್ತಿರುವ ಲೈಸೆನ್ಸನ್ನು ಅಲ್ಲಿ ಒಪ್ಪುವುದಿಲ್ಲ. ಆರ್ಕೈವ್‌ನಲ್ಲಿ ನಡೆಯುತ್ತದೆ.

ನವೆಂಬರ್

ಎಲ್ಲರಿಗೂ ಎಂದವರು ಆರು, ಶಾಲೆಗೆ ಐದು, ಮನೆಗೆ ಮಾತ್ರ ಆರು. ನನಗೆ ಅತ್ಯಂತ ಇಷ್ಟವಾದದ್ದು ಮನೆಯ ಆರರಲ್ಲಿ ಸೇರಿದೆ. ಅಡಿಕೆ ಸುಲಿಯುತ್ತಾ ಮಾತಾಡಿದ ಅಜ್ಜಿಯದು, ಮಾತಿನ ನಡುವೆ ಮೆಟ್ಟುಗತ್ತಿಯ ಸದ್ದು. ಹೊಟ್ಟೆ ಉರಿಯಿತು, ಪೆನ್‌ಡ್ರೈವಿಗೆ ಹಾಕಿ ವಾಪಸ್ ಕೊಟ್ಟೆ. ಏರಿಸಿದ ಆರರಲ್ಲಿ ಲಾಂಚಿನ ಸದ್ದನ್ನೇ ಜನ ಜಾಸ್ತಿ ಕೇಳುತ್ತಿದ್ದಾರೆ.

ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಹಿರೇಭಾಸ್ಕರ ಮೇಲೆ ಕಾಣಿಸಿಕೊಳ್ಳುತ್ತದೆ. 82ರ ಅಜ್ಜರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡುವ ಯೋಚನೆ ಇದೆ, ಜೀಪು ಗೊತ್ತುಮಾಡಬೇಕು. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ 1819 ಅಡಿ. ಪೇಪರಿನಲ್ಲಿ ಬರುವ ನೀರಿನ ಮಟ್ಟವನ್ನು ಅಜ್ಜ ಈಗಿನಿಂದಲೇ ದಿನಾ ನೋಡುತ್ತಾರಂತೆ. ಮೊನ್ನೆ ಮೊಮ್ಮಗನ ಫೋನಿಂದ ಮಾತಾಡಿದರು. "ಇನ್ನೂ ಇಳೀಬೇಕು ತಮಾ, ಈಗಲೇ ಜೀಪಿನವನಿಗೆ ಅಡ್ವಾನ್ಸ್ ಕೊಟ್ಟೀಯ ಮತ್ತೆ."